ಕ್ಯಾಮೆರಾ ಬರುವ ತನಕ

ನಮ್ಮ ಹುಡುಗರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳುತ್ತೇನೆ: 'ನಮ್ಮ ಮ್ಯಾಲ ಯಾರರೆ ಒಂದು ಡಾಕ್ಯುಮೆಂಟರಿ ಮಾಡಬೇಕಪಾ. ಅವಾಗ ಸರ್ಕಾರದ ಬಣ್ಣಾ ಬಯಲಾಗತೈತಿ.' ಚಿಕ್ಕೋಡಿಯ ಚಹಾದಂಗಡಿಯಲ್ಲಿ, ರಾಯಬಾಗದ ಹಾಸ್ಟೆಲಿನಲ್ಲಿ, ಅಥಣಿಯ ಚಪ್ಪಲಿ ಹೊಲಿಯುವವರ ಓಣಿಯಲ್ಲಿ ಇದೇ ಮಾತು. ಯುದ್ಧದ ಮೇಲೆ, ಸರ್ಕಾರದ ಮೇಲೆ, ಕಾರ್ಖಾನೆಯ ಮೇಲೆ ಬೆಂಕಿಯಂಥ ಚಿತ್ರ ಬರುತ್ತದೆಂದರೆ ಸಾಕು, ಮಳೆಗೆ ಕಾದ ಎರೆಹೊಲದ ಹಾಗೆ ಬಾಯಿ ಬಿಟ್ಟು ಕಾಯುತ್ತೇವೆ. ನಾನೂ ಕಾದವನೇ. ಆದರೆ ಈಗ ಒಂದು ಪ್ರಶ್ನೆ ಕಾಡುತ್ತಿದೆ. ನಮ್ಮ ಸಂಕಟವನ್ನು ಯಾರೋ ಬಂದು ತೋರಿಸಲಿ ಎಂದು ಕಾಯುವುದು ಹೋರಾಟವೋ, ಹೋರಾಟವನ್ನು ಮುಂದೂಡುವ ನೆವವೋ?

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಿಪ್ಪಾಣಿಯೇ ಸಾಕು.

1980ರಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವ್ರೋಜ್ ಕಾಂಟ್ರಾಕ್ಟರ್ ಕೂಡಿ 'ಯುಗಾಂತರ' ಎಂಬ ಚಿತ್ರತಂಡ ಕಟ್ಟಿದರು. ಇವರು ನಿಪ್ಪಾಣಿಗೆ ಬಂದು ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಜೊತೆ ನಾಲ್ಕು ತಿಂಗಳು ಕಳೆದರು. 1982ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಮರಾಠಿ ಹೆಸರಿನ, 25 ನಿಮಿಷದ ಚಿತ್ರ ಹೊರಬಂತು. ದೂಳಿನೊಳಗೆ ಕೂತು ತಂಬಾಕು ಬಡಿಯುವ, ಜರಡಿ ಹಿಡಿಯುವ ಹೆಂಗಸರು, ಅವರ ಕೂಲಿ, ಅವರ ಸಂಘ, ಅವರ ಮುಷ್ಕರ ಅದರಲ್ಲಿವೆ. ಏನು ತೋರಿಸಬೇಕು ಎಂಬುದನ್ನು ಆ ಹೆಂಗಸರ ಜೊತೆ ಕೂತು ಚರ್ಚಿಸಿ ಗೊತ್ತುಮಾಡಿದರು. ತಾವು ನಡೆಸಿದ್ದನ್ನು ಹೆಂಗಸರೇ ಕ್ಯಾಮೆರಾದ ಮುಂದೆ ಮತ್ತೊಮ್ಮೆ ನಡೆಸಿ ತೋರಿಸಿದರು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಸಂಘ ಮೊದಲು ಬಂತು, ಮುಷ್ಕರ ಆಮೇಲೆ, ಕ್ಯಾಮೆರಾ ಕಡೆಗೆ. ಚಿತ್ರ ಆ ಹೆಂಗಸರನ್ನು ಎಬ್ಬಿಸಲಿಲ್ಲ. ಎದ್ದು ನಿಂತಿದ್ದ ಹೆಂಗಸರು ಚಿತ್ರವನ್ನು ಎಬ್ಬಿಸಿದರು. 1925ರಲ್ಲಿ ಬಾಬಾಸಾಹೇಬರು ಇದೇ ನಿಪ್ಪಾಣಿಯಲ್ಲಿ ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿಗೆ ಬಂದಾಗಲೂ ಜನ ತಮ್ಮ ಚಿತ್ರ ತೆಗೆಸಿಕೊಳ್ಳಲು ಕೂಡಿರಲಿಲ್ಲ.

ನಮ್ಮ ಆಯಿ ಆ ಕಾಲದಲ್ಲಿ ತಂಬಾಕಿನ ವಖಾರಿಯಲ್ಲಿ ದುಡಿದವಳು. ಹಳೆಯ ರೀಲುಗಳು ಈಗ ಡಿಜಿಟಲ್ ಆಗಿವೆ. ಫೋನಿನಲ್ಲಿ ಹಾಕಿ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ಪೂರಾ ನೋಡಿದಳು. ಕಡೆಗೆ ಕೇಳಿದಳು: 'ಎಲ್ಲಾ ಖರೇ ಐತಿ. ಆದ್ರ ಘಾಟಾ? ಅದು ನೋಡಾವ್ರಿಗಿ ಬಡೀತೈತೇನೋ?'

ನನ್ನಲ್ಲಿ ಉತ್ತರ ಇರಲಿಲ್ಲ. ಘಾಟು ಬಡಿಯುವುದಿಲ್ಲ. ಎಂಥ ಚಿತ್ರವಾದರೂ ನೋಡುವವನು ಸೀನದೆ, ಕೆಮ್ಮದೆ ನೋಡಬಹುದು. ಕಣ್ಣೀರು ಹಾಕಿ ಮನೆಗೆ ಹೋಗಬಹುದು. ಕಣ್ಣೀರು ಬಂತಲ್ಲ, ನನ್ನ ಕೆಲಸ ಮುಗಿಯಿತು ಎಂದುಕೊಳ್ಳಬಹುದು. ಕರುಣೆ ಎಂಬುದು ಹೊಟ್ಟೆ ತುಂಬಿದವರಿಗೆ ಅಗ್ಗಕ್ಕೆ ಸಿಗುವ ಪುಣ್ಯ.

ಹಾಗಾದರೆ ಇಂಥ ಚಿತ್ರಗಳೇ ಬೇಡವೇ? ಹಾಗೆನ್ನಲಾರೆ. ಏನೂ ಆಗದ ವಸ್ತುವಿಗೆ ಪ್ರಭುತ್ವ ಹೆದರುವುದಿಲ್ಲ. 1998ರ ಮೇ 11, ಬುದ್ಧ ಪೂರ್ಣಿಮೆಯ ದಿನ, ಪೋಖರಣದಲ್ಲಿ ಅಣುಬಾಂಬ್ ಸಿಡಿಸಿದರು. ಬಾಬಾಸಾಹೇಬರ ದಾರಿಯಲ್ಲಿ ಬುದ್ಧನ ಬಳಿಗೆ ಹೋದ ನಮಗೆ ಅದಕ್ಕಿಂತ ದೊಡ್ಡ ಅಣಕ ಯಾವುದಿತ್ತು? ಆ ಬಾಂಬಿನ ಉನ್ಮಾದವನ್ನು ಪ್ರಶ್ನಿಸಿ ಆನಂದ ಪಟವರ್ಧನ್ 2002ರಲ್ಲಿ 'ಜಂಗ್ ಔರ್ ಅಮನ್' ತೆಗೆದರು. ಸೆನ್ಸಾರ್ ಮಂಡಳಿ 21 ಕಡೆ ಕತ್ತರಿ ಹಾಕಲು ಹೇಳಿತು. ಅವರು ಒಪ್ಪದೆ ಹೋರಾಡಿದರು. 2003ರಲ್ಲಿ ಬಾಂಬೆ ಹೈಕೋರ್ಟು ಕತ್ತರಿಯಿಲ್ಲದೆ ಬಿಡುಗಡೆ ಮಾಡಿಸಿತು. ದೀಪಾ ಧನರಾಜ್ 1991ರಲ್ಲಿ ಕುಟುಂಬ ಯೋಜನೆಯ ಮೇಲೆ ತೆಗೆದ ಚಿತ್ರದ ಹೆಸರಿನಲ್ಲೇ ಯುದ್ಧ ಇದೆ. ಬಡ ಹೆಂಗಸಿನ ಮೈಯನ್ನು ಗುರಿ ಮುಟ್ಟುವ ಲೆಕ್ಕವಾಗಿಸಿದ ಸರ್ಕಾರಿ ಯೋಜನೆಯನ್ನು ಯುದ್ಧವೆಂದು ಕರೆಯದೆ ಮತ್ತೇನು ಕರೆಯಬೇಕು? ಗಡಿಯಲ್ಲಿ ನಡೆಯುವುದಷ್ಟೇ ಯುದ್ಧವಲ್ಲ. 1981ರ ಏಪ್ರಿಲ್ 6ರಂದು ತಂಬಾಕಿಗೆ ಬೆಲೆ ಕೇಳಿದ 12 ರೈತರು ನಿಪ್ಪಾಣಿಯಲ್ಲಿ ಪೊಲೀಸರ ಗುಂಡಿಗೆ ಸತ್ತರಲ್ಲ, ಅದನ್ನು ಏನೆನ್ನೋಣ?

ಸರ್ಕಾರವೂ ಚಿತ್ರ ತೆಗೆಯುತ್ತದೆ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರಗಳನ್ನು ಟಾಕೀಸುಗಳು ಮುಖ್ಯ ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಿತ್ತು. ಎದುರು ಸಾಕ್ಷಿ ಇಲ್ಲದಿದ್ದರೆ ಅದೇ ಚರಿತ್ರೆ ಆಗುತ್ತದೆ. ಆದ್ದರಿಂದ ಚಿತ್ರ ಬೇಕು. ಸಾಕ್ಷಿಯಾಗಿ ಬೇಕು, ದೇವರಾಗಿ ಬೇಡ.

ಆದರೆ ಸಾಕ್ಷಿ ಹೇಳುವವರ ಮೇಲೆ ಒಂದು ಹೊಣೆ ಇದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಅವಮಾನದಿಂದ. ಹೋದ ಹಂಗಾಮಿನಲ್ಲಿ ಕಾಗವಾಡದ ಕಡೆ ಕಬ್ಬು ಕಡಿಯುವ ಗ್ಯಾಂಗೊಂದು ಬಿಡಾರ ಹಾಕಿತ್ತು. ರವದಿಯ ಮೇಲೆ ಕೂಸೊಂದು ಮಲಗಿತ್ತು. ಪಕ್ಕದಲ್ಲಿ ತಾಯಿ ಕಬ್ಬು ಸವರುತ್ತಿದ್ದಳು. ಕೇಳದೆ ಕೇಳದೆ ಫೋನು ಹಿಡಿದೆ. ಕವಿಯಲ್ಲವೇ ನಾನು! ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. 'ತಮ್ಮಾ, ಇದನ್ನ ಯಾರಿಗಿ ತೋರಸ್ತಿ? ನಾವು ಮುಂಗಡ ತಗೊಂಡಾವ್ರು. ಮುಕಾದಮ ನೋಡಿ ನಾಳೆ ಕೆಲಸಕ್ಕ ಬ್ಯಾಡ ಅಂದ್ರ, ನಿನ್ನ ಫಿಲ್ಮು ನನ್ನ ಕೂಸಿಗಿ ಹಾಲ ಕುಡಸತೈತೇನು?'

ಅಳಿಸಿಬಿಟ್ಟೆ. ನಾಲ್ಕಕ್ಷರ ಕಲಿತ ಮೊದಲ ತಲೆಮಾರಿನವನು ನಾನು. ನಮ್ಮ ಅವ್ವ, ಆಯಿಯರನ್ನು ಮೇಲಿನವರು ನೋಡಿದ ಕಣ್ಣಿನಲ್ಲೇ ಆಕೆಯನ್ನು ನೋಡಿದ್ದೆ. ಕಣ್ಣು ಯಾರ ಜಾತಿಯದು ಎಂಬುದು ಕ್ಯಾಮೆರಾ ಹಿಡಿದವನ ಹುಟ್ಟಿನಿಂದ ತೀರ್ಮಾನವಾಗುವುದಿಲ್ಲ, ಅವನು ಯಾರನ್ನು ಕೇಳಿ ಹಿಡಿದ ಎಂಬುದರಿಂದ ಆಗುತ್ತದೆ. ಚಿತ್ರ ಊರು ಬಿಟ್ಟು ಹೋಗುತ್ತದೆ, ಬರ್ಲಿನ್ನಿಗೂ ಹೋಗುತ್ತದೆ. ಚಿತ್ರದಲ್ಲಿದ್ದವಳು ಊರಲ್ಲೇ, ಮಾಲಕನ ಕಣ್ಣೆದುರಿಗೇ ಉಳಿಯುತ್ತಾಳೆ. ಪ್ರಶಸ್ತಿ ಒಬ್ಬರಿಗೆ, ಪೆಟ್ಟು ಇನ್ನೊಬ್ಬರಿಗೆ ಆದರೆ ಅದೂ ಒಂದು ಬಗೆಯ ಜೀತವೇ.

ಆಕೆಗೆ ಹಿಂದೆ ಒಂದು ಸಂಘ ಇದ್ದಿದ್ದರೆ ಮುಖ ಮುಚ್ಚಿಕೊಳ್ಳುತ್ತಿರಲಿಲ್ಲ. ನಿಪ್ಪಾಣಿಯ ಹೆಂಗಸರು ಕ್ಯಾಮೆರಾವನ್ನು ನೆಟ್ಟಗೆ ನೋಡಿದ್ದು ಒಬ್ಬೊಬ್ಬರೇ ಧೈರ್ಯವಂತೆಯರೆಂದಲ್ಲ, ಪಕ್ಕದಲ್ಲಿ ಸಾವಿರಾರು ಜನ ನಿಂತಿದ್ದರೆಂದು. ಹಾಗಾಗಿ ಗೆಳೆಯರೇ, ಮಾಸ್ತರರೇ, ನನ್ನ ಪ್ರಶ್ನೆಗೆ ನಾನು ಕಂಡ ಉತ್ತರ ಇಷ್ಟು: ಚಿತ್ರಕ್ಕೆ ಕಾಯೋಣ, ಆದರೆ ಕೈ ಕಟ್ಟಿ ಕಾಯುವುದು ಬೇಡ. ಬರುವ ಚಿತ್ರಕ್ಕೆ ಹೆದರದೆ ಮುಖ ಕೊಡಬಲ್ಲ ಜನರನ್ನು ಕಟ್ಟುವುದೇ ಕಾಯುವ ರೀತಿ. ಚಿತ್ರ ತೆಗೆದವರು ಅದನ್ನು ಮೊದಲು ಅವರ ಕೇರಿಯಲ್ಲೇ ತೋರಿಸಲಿ. 'ಇದು ಬ್ಯಾಡ' ಅಂದದ್ದನ್ನು ಕಿತ್ತು ಹಾಕಲಿ. ಆ ಕತ್ತರಿಯ ಹಕ್ಕು ಸೆನ್ಸಾರಿನವರದಲ್ಲ, ಅವರದು.

ಹಂಗಾಮು ಮತ್ತೆ ಬರುತ್ತದೆ, ಗ್ಯಾಂಗೂ ಬರುತ್ತದೆ. ಈ ಸಲ ಫೋನು ಕಿಸೆಯಲ್ಲೇ ಇಟ್ಟು ಹೋಗುತ್ತೇನೆ. ಮೊದಲು ಅವರ ಮುಂಗಡದ ಲೆಕ್ಕ ಕೇಳಿ ಬರೆದುಕೊಳ್ಳಬೇಕಾಗಿದೆ.