ಸಾಮಾಯಿಕದಲ್ಲಿ ಚಿತ್ತವಿಕ್ಷೇಪವೂ ಅನಾದರವೂ



ಅಷ್ಟಮಿ-ಚತುರ್ದಶಿಗಳಂದು ದಿನವಿಡೀ ನಿರಾಹಾರರಾಗಿರಬಲ್ಲ ಅನೇಕ ಶ್ರಾವಕ-ಶ್ರಾವಿಕೆಯರು ಅದೇ ದಿನದ ಸಂಧ್ಯಾಕಾಲದಲ್ಲಿ ಎರಡು ಘಳಿಗೆ, ಎಂದರೆ 48 ನಿಮಿಷಗಳ ಕಾಲ, ಪಂಚನಮಸ್ಕಾರ ಮಂತ್ರದ ಜಪದಲ್ಲಿ ಕುಳಿತಿರಲಾರರು. ಹಸಿವನ್ನು ಗೆದ್ದವರನ್ನು ಮನಸ್ಸು ಸೋಲಿಸುತ್ತದೆ. ಮಣಿಗಳು ಬೆರಳುಗಳಲ್ಲಿ ಸರಿಯುತ್ತಿರುವಾಗಲೇ ಚಿತ್ತವು ಅಂಗಡಿಯ ಲೆಕ್ಕಕ್ಕೋ, ಮಗಳ ಮದುವೆಯ ಮಾತುಕತೆಗೋ, ನಾಳಿನ ಪಾರಣೆಯ ಅಡುಗೆಗೋ ಹೋಗಿಬಿಡುತ್ತದೆ. ಆಗ “ಇಂಥ ಜಪದಿಂದ ಫಲವೇನು? ಮನಸ್ಸು ನಿಂತ ಮೇಲೆ ಕುಳಿತರಾಯಿತು” ಎಂದು ಜಪಸರವನ್ನು ಕೆಳಗಿಡುವರು. ಈ ಒಂದು ಮಾತಿನಿಂದಲೇ ಎಷ್ಟೋ ಮನೆಗಳಲ್ಲಿ ಸಾಮಾಯಿಕವು ನಿಂತುಹೋಗಿದೆ.

ಆಚಾರ್ಯರು ಈ ತೊಡಕನ್ನು ಅರಿಯದವರಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸಾಮಾಯಿಕಕ್ಕೆ ಐದು ಅತಿಚಾರಗಳನ್ನು ಹೇಳಿರುವರು: ಮನಸ್ಸು, ವಚನ, ಕಾಯ ಇವುಗಳ ದುಷ್ಪ್ರಣಿಧಾನಗಳು ಮೂರು, ಅನಾದರ ಮತ್ತು ಸ್ಮೃತ್ಯನುಪಸ್ಥಾನ ಎರಡು. ಅನಾದರವೆಂದರೆ ಅನುತ್ಸಾಹ, ಸ್ಮೃತ್ಯನುಪಸ್ಥಾನವೆಂದರೆ ಏಕಾಗ್ರತೆಯಿಲ್ಲದಿರುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವರು. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ಈ ಎರಡೇ ಹೆಸರುಗಳು ಮರಳಿ ಬರುತ್ತವೆ. ಹಸಿವಿನಿಂದ ಪೀಡಿತನಾದವನಿಗೆ ಆವಶ್ಯಕ ಕ್ರಿಯೆಗಳಲ್ಲಿ ಆದರವು ಕುಂದುವುದೇ ಅಲ್ಲಿಯ ಅನಾದರ. ಉಪವಾಸದ ದಿನದ ಜಪಕ್ಕೆ ಎಚ್ಚರ ಹೆಚ್ಚು ಬೇಕೆಂಬುದು ಇದರಿಂದ ಸ್ಪಷ್ಟ.

ಅತಿಚಾರವು ವ್ರತದ ಏಕದೇಶ ಭಂಗ. ಅನಾಚಾರವು ಪೂರ್ಣ ಭಂಗ. ಜಪದ ನಡುವೆ ಮನಸ್ಸು ಅಲೆದರೆ ವ್ರತಕ್ಕೆ ಮಲಿನತೆ ಬಂದಿತು. ಅಲೆಯಿತೆಂದು ಎದ್ದುಹೋದರೆ ವ್ರತವೇ ಹೋಯಿತು. ಕಳೆ ಬೆಳೆಯಿತೆಂದು ರೈತನು ಹೊಲವನ್ನು ಬಿಡುವನೇ? ಆದುದರಿಂದ ವಿಕ್ಷೇಪಕ್ಕಿಂತಲೂ ಅನಾದರಕ್ಕೆ ಹೆಚ್ಚು ಅಂಜಬೇಕು. ವಿಕ್ಷೇಪವು ಕುಳಿತವನನ್ನು ಕಾಡುತ್ತದೆ. ಅನಾದರವು ಕುಳಿತುಕೊಳ್ಳುವುದನ್ನೇ ತಪ್ಪಿಸುತ್ತದೆ.

ಹಾಗಾದರೆ ಮನಸ್ಸು ಹೊರಗೆ ಹೋದಾಗ ಏನು ಮಾಡಬೇಕು? ಮೊದಲು ಅದು ಹೋದ ಸ್ಥಳವನ್ನು ಗುರುತಿಸಬೇಕು. ಇಷ್ಟವಿಯೋಗ, ಅನಿಷ್ಟಸಂಯೋಗ, ವೇದನೆ, ನಿದಾನ ಎಂದು ಆರ್ತಧ್ಯಾನವು ನಾಲ್ಕು ವಿಧ. ಅಗಲಿದವರ ನೆನಪು ಮೊದಲನೆಯದು; ಆಗದವರ ಚಿಂತೆ ಎರಡನೆಯದು; ಹೊಟ್ಟೆಯ ಸಂಕಟ, ಮೊಣಕಾಲಿನ ನೋವು ಮೂರನೆಯದು. “ಈ ನೋಂಪಿಯ ಫಲವಾಗಿ ನನಗೆ ಇಂಥದು ದೊರೆಯಲಿ” ಎಂಬ ಬಯಕೆಯು ನಾಲ್ಕನೆಯದು. ಭಕ್ತಿಯ ವೇಷದಲ್ಲಿ ಬರುವುದರಿಂದ ಇದನ್ನು ಗುರುತಿಸುವುದು ಕಠಿಣ. ಹೆಸರು ತಿಳಿದೊಡನೆ ವಾದ ಮಾಡದೆ ಮಂತ್ರದ ಮೊದಲ ಪದಕ್ಕೆ ಮರಳಬೇಕು.

ಉಸಿರಿನ ಆಶ್ರಯವನ್ನೂ ಪಡೆಯಬಹುದು. ಐದು ಪದಗಳಲ್ಲಿ ಮೊದಲೆರಡನ್ನು ಒಂದು ಶ್ವಾಸೋಚ್ಛ್ವಾಸದಲ್ಲಿ, ಮುಂದಿನೆರಡನ್ನು ಇನ್ನೊಂದರಲ್ಲಿ, ಕೊನೆಯದನ್ನು ಮೂರನೆಯದರಲ್ಲಿ ಸ್ಮರಿಸಬೇಕು. ಹೀಗೆ 9 ಬಾರಿ ಸ್ಮರಿಸಿದರೆ 27 ಶ್ವಾಸೋಚ್ಛ್ವಾಸಗಳ ಕಾಯೋತ್ಸರ್ಗವಾಗುತ್ತದೆ. ಮಾನಸ ಜಪವು ನಿಲ್ಲದಿದ್ದರೆ ತುಟಿಯಲ್ಲಿಯೇ ನುಡಿಯುವ ಉಪಾಂಶುವಿಗೆ, ಅದೂ ನಿಲ್ಲದಿದ್ದರೆ ಮೆಲುದನಿಯ ವಾಚಿಕ ಜಪಕ್ಕೆ ಇಳಿಯಬಹುದು. ಇದರಲ್ಲಿ ಕೀಳೆಂಬ ಭಾವನೆ ಬೇಡ.

ಮನಸ್ಸಿನ ಮೇಲೆ ಸಿಟ್ಟಾಗುವವರು ಜಪಸರದ 108 ಮಣಿಗಳ ಲೆಕ್ಕವನ್ನು ನೆನೆಯಬೇಕು. ಸಂರಂಭ, ಸಮಾರಂಭ, ಆರಂಭ ಈ ಮೂರು. ಮನ, ವಚನ, ಕಾಯ ಈ ಮೂರು. ಕೃತ, ಕಾರಿತ, ಅನುಮೋದನೆ ಈ ಮೂರು. ಕ್ರೋಧ, ಮಾನ, ಮಾಯೆ, ಲೋಭ ಈ ನಾಲ್ಕು. ಇವನ್ನು ಗುಣಿಸಿದರೆ 108 ಆಸ್ರವದ ದ್ವಾರಗಳು. ಅಲೆದ ಚಿತ್ತದ ಮೇಲಣ ಸಿಟ್ಟು ಕ್ರೋಧವೇ. ನಿಂತ ಚಿತ್ತದ ಹೆಮ್ಮೆ ಮಾನವೇ. ಎರಡೂ ಆ ಲೆಕ್ಕದೊಳಗಿನವೇ.

ಅನಾದರಕ್ಕೆ ಉತ್ಸಾಹ ಬರುವವರೆಗೆ ಕಾಯುವುದು ಔಷಧಿಯಲ್ಲ. ನಿಯತ ಕಾಲದಲ್ಲಿ ನಿಯತ ಸ್ಥಾನದಲ್ಲಿ ಕುಳಿತುಬಿಡಬೇಕು. ದೇಹವು ಬಳಲಿದ್ದರೆ 9 ಬಾರಿಯ ಜಪವಾದರೂ ಅರ್ಥವನ್ನು ಭಾವಿಸುತ್ತ ನಡೆಯಲಿ. ಸಂಖ್ಯೆಯನ್ನು ಮುಗಿಸುವ ಅವಸರ ಬೇಡ. ಆತ್ಮನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ಅದಿಲ್ಲದಿದ್ದರೆ ಉಳಿಯುವುದು ಬರಿಯ ಲಂಘನ. ಮುಂದಿನ ಚತುರ್ದಶಿಯ ಸಂಜೆ ಮನಸ್ಸು ನೂರು ಬಾರಿ ಹೊರಟರೆ ನೂರು ಬಾರಿಯೂ ಅದನ್ನು ಪಂಚಪರಮೇಷ್ಠಿಗಳ ಪಾದಕ್ಕೆ ಕರೆತನ್ನಿರಿ; ಎರಡು ಘಳಿಗೆ ತುಂಬುವ ತನಕ ಆಸನವನ್ನು ಮಾತ್ರ ಬಿಡಬೇಡಿರಿ.