ಜಲಕ್ರೀಡೆಯ ನಿಯಮವೂ ಶ್ರಾವಕನ ನಿಯಮವೂ

ನಿಯಮವೆಂಬ ಶಬ್ದವು ನಮ್ಮ ಮನೆಗಳಲ್ಲಿ ನಿತ್ಯವೂ ಕೇಳಿಬರುವಂಥದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೀವಿತಾವಧಿಯ ತ್ಯಾಗವನ್ನು ಯಮವೆಂದೂ, ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿದರು. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಮಾಸ, ಋತು, ಅಯನ ಎಂದು ಅವಧಿಯನ್ನು ಗೊತ್ತುಪಡಿಸಿಕೊಂಡು ಊಟ, ವಾಹನ, ಹಾಸಿಗೆ, ಸ್ನಾನ, ಹೂವು, ತಾಂಬೂಲ, ವಸ್ತ್ರ, ಸಂಗೀತ ಮುಂತಾದವುಗಳಿಗೆ ಅಳತೆ ಹಾಕಿಕೊಳ್ಳುವುದು ಗೃಹಸ್ಥನಿಗೆ ಹೇಳಿದ ಮಾರ್ಗ. ಆ ಪಟ್ಟಿಯಲ್ಲಿ ಸ್ನಾನವೂ ಸೇರಿದೆಯೆಂಬುದನ್ನು ವಾಚಕರು ಗಮನಿಸಬೇಕು. ಇದೇ ಶಬ್ದವನ್ನು ಇಂದು ವಾಟರ್ ಪಾರ್ಕುಗಳ ಬಾಗಿಲಲ್ಲಿ ದೊಡ್ಡ ಅಕ್ಷರಗಳಿಂದ ಬರೆದು ನಿಲ್ಲಿಸಿರುತ್ತಾರೆ. ಹೆಸರು ಒಂದೇ ಆದುದರಿಂದ ವಸ್ತುವೂ ಒಂದೇ ಎನ್ನಲಾಗದು. ಆದರೆ ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ತಳ್ಳಿಹಾಕುವುದೂ ಸರಿಯಲ್ಲ.

ತಿಕೋಟಾ, ಬಬಲೇಶ್ವರ ಭಾಗದ ಶ್ರಾವಕ ಮನೆತನಗಳಲ್ಲಿ ಈ ಪ್ರಶ್ನೆ ಇಂದು ನಿಜವಾಗಿಯೇ ಏಳುತ್ತದೆ. ಕಳ್ಳಕವಟಗಿಯಂಥ ಊರಿನಲ್ಲಿ ದ್ರಾಕ್ಷಿಯ ಕಟಾವು ಮುಗಿದು, ಒಣದ್ರಾಕ್ಷಿ ಮಾರಾಟವಾಗಿ, ಮಕ್ಕಳ ಶಾಲೆಗೆ ರಜೆ ಬಿದ್ದೊಡನೆ ಪ್ರವಾಸದ ಮಾತು ಹೊರಡುತ್ತದೆ. ಮಕ್ಕಳು ಹೇಳುವುದು ಒಂದೇ ಹೆಸರು: ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಬಿಡದಿಯ ಸಮೀಪ 2005ರಲ್ಲಿ ಆರಂಭವಾದ ವಂಡರ್‌ಲಾ. ವಿಜಯಪುರದಿಂದ ಐದುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಸೋಸದ ನೀರನ್ನು ಬಾಯಿಗೆ ಮುಟ್ಟಿಸದ ಹಿರಿಯರು ‘ನೀರಿನಲ್ಲಿ ಹೊರಳಾಡುವುದಕ್ಕೆ ಅಷ್ಟು ದೂರ ಹೋಗಬೇಕೆ?’ ಎನ್ನುತ್ತಾರೆ. ಕಿರಿಯರು ‘ಅಲ್ಲಿ ಎಲ್ಲವೂ ನಿಯಮಬದ್ಧವಾಗಿದೆ, ಅಪಾಯವಿಲ್ಲ’ ಎನ್ನುತ್ತಾರೆ. ಮೊದಲಿನವರು ಆ ನಿಯಮಗಳನ್ನು ಓದಿಲ್ಲ. ಎರಡನೆಯವರು ಓದಿದ್ದರೂ ಅವುಗಳ ಕಾರಣವನ್ನು ಕೇಳಿಲ್ಲ.

ನೀರಾಟವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ವಿಜಯಪುರದಿಂದ ಪೂರ್ವಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಕುಮಟಗಿಯಲ್ಲಿ ಆದಿಲ್‌ಶಾಹಿ ಅರಸರ ವಿಹಾರಸ್ಥಾನದ ಮಂಟಪಗಳು ಇಂದಿಗೂ ನಿಂತಿವೆ. ಎತ್ತರಕ್ಕೆ ನೀರನ್ನು ಏರಿಸಿ, ಕೊಳವೆಗಳಲ್ಲಿ ಹರಿಸಿ, ಕಾರಂಜಿಯಾಗಿ ಚಿಮ್ಮಿಸುವ, ಛಾವಣಿಯಿಂದ ತುಂತುರಾಗಿ ಸುರಿಸುವ ಏರ್ಪಾಡು ಅಲ್ಲಿತ್ತು. ಅದು ಅರಸನಿಗೂ ಅವನ ಪರಿವಾರಕ್ಕೂ ಮೀಸಲು. ಇಂದು ಟಿಕೆಟ್ಟು ಕೊಂಡವರೆಲ್ಲರೂ ಅರಸರೇ. ಆದ್ದರಿಂದಲೇ ಅಲ್ಲಿಲ್ಲದಷ್ಟು ನಿಯಮಗಳು ಇಲ್ಲಿ ಬೇಕಾಗಿವೆ. ಸಾವಿರಾರು ಅಪರಿಚಿತರು ಒಂದೇ ನೀರಿಗೆ ಇಳಿಯುವಲ್ಲಿ ಒಬ್ಬನ ಅಜಾಗರೂಕತೆ ಇನ್ನೊಬ್ಬನ ಮೈಮೇಲೆ ಬೀಳುತ್ತದೆ.

ಆ ನಿಯಮಗಳ ಕಾರಣಗಳನ್ನು ಸ್ವಲ್ಪ ವಿಚಾರಿಸೋಣ. ಹತ್ತಿಯ ಬಟ್ಟೆ ಉಟ್ಟು ನೀರಿಗೆ ಇಳಿಯಬಾರದು, ನೈಲಾನಿನಂಥ ಕೃತಕ ನೂಲಿನ ಈಜುಡುಗೆಯೇ ಬೇಕು ಎಂಬುದು ಇಂಥ ಉದ್ಯಾನಗಳಲ್ಲಿ ಸಾಮಾನ್ಯ. ನಮ್ಮ ಮನೆಯ ಬುದ್ಧಿವಂತ ಮಗುವು ಇದನ್ನು ಓದಿದರೆ ಹೀಗೆ ಕೇಳದೆ ಇರದು: “ಆಯಿ, ನಮ್ಮ ಮನ್ಯಾಗ ಹತ್ತಿ ಅರಿವ್ಯಾಗ ನೀರ ಸೋಸತೀರಿ. ಇಲ್ಲಿ ಹತ್ತಿ ಅರಿವಿ ಉಟ್ಟು ನೀರಾಗ ಇಳೀಬ್ಯಾಡ್ರಿ ಅಂತಾರಲ್ಲ, ಯಾಕ?” ಪ್ರಶ್ನೆಗೆ ಉತ್ತರವುಂಟು. ಹತ್ತಿಯ ಎಳೆಗಳು ನೀರಿನಲ್ಲಿ ಬಿಟ್ಟುಕೊಂಡು ಅಲ್ಲಿಯ ಸೋಸುವ ಯಂತ್ರಗಳನ್ನು ಕಟ್ಟಿಸುತ್ತವೆ, ಬಣ್ಣವೂ ಬಿಡುತ್ತದೆ. ಅದಲ್ಲದೆ ನೆನೆದ ಹತ್ತಿಬಟ್ಟೆ ಭಾರವಾಗಿ ಈಜು ಬಾರದವರನ್ನು ಕೆಳಕ್ಕೆ ಎಳೆಯುತ್ತದೆ. ಗುಂಡಿ, ಕೊಕ್ಕೆ, ಜಿಪ್ಪು ಇದ್ದ ಉಡುಪು ಜಾರುಬಂಡಿಯ ನುಣುಪನ್ನು ಗೀರುತ್ತದೆ. ಆ ಗೀರಿನಿಂದ ಮುಂದಿನವರ ಚರ್ಮ ಕೀಳುತ್ತದೆ. ಮನೆಯಲ್ಲಿ ಸೋಸುವ ಅರಿವೆಯೂ ಇಲ್ಲಿ ಬೇಡವೆನ್ನುವ ಅರಿವೆಯೂ ಒಂದೇ ಕಾಳಜಿಯನ್ನು ಎರಡು ಬಗೆಯಲ್ಲಿ ಹೇಳುತ್ತಿವೆ. ಆ ಉಡುಪನ್ನು ತೊಡಲು ಸಂಕೋಚಪಡುವ ತಾಯಂದಿರು ದಂಡೆಯ ನೆರಳಿನಲ್ಲಿ ಕುಳಿತುಕೊಳ್ಳಬಹುದು, ಅದರಲ್ಲಿ ಅಗೌರವವೇನೂ ಇಲ್ಲ. ಸೀರೆಯಲ್ಲಿಯೇ ಇಳಿಯುತ್ತೇನೆಂದು ಕಾವಲುಗಾರನೊಡನೆ ವಾದಿಸುವುದು ಮಾತ್ರ ತರವಲ್ಲ.

ನೀರಿಗೆ ಇಳಿಯುವ ಮೊದಲು ಮೈತೊಳೆದುಕೊಳ್ಳಬೇಕೆಂಬ ಸೂಚನೆಯನ್ನು ಬಹುತೇಕ ಜನ ನಗುತ್ತಲೇ ದಾಟುತ್ತಾರೆ. ಕೊಳದ ನೀರಿನಲ್ಲಿ ರೋಗಾಣುಗಳನ್ನು ತಡೆಯಲು ಕ್ಲೋರಿನ್ ಬೆರೆಸಿರುತ್ತಾರೆ. ಬೆವರು, ಎಣ್ಣೆ, ಮೂತ್ರ ಇವುಗಳೊಡನೆ ಕ್ಲೋರಿನ್ ಕೂಡಿದಾಗ ಕ್ಲೋರಮೈನ್ ಎಂಬ ಬೇರೊಂದು ವಸ್ತುವಾಗುತ್ತದೆ. ಕಣ್ಣು ಉರಿಸುವುದೂ, ನಾವು ‘ಕ್ಲೋರಿನ್ ವಾಸನೆ’ ಎಂದು ಕರೆಯುವುದೂ ಮುಖ್ಯವಾಗಿ ಅದರಿಂದಲೇ. ವಾಸನೆ ಹೆಚ್ಚಾದಷ್ಟೂ ನೀರು ಶುದ್ಧವೆಂಬ ಭಾವನೆ ತಲೆಕೆಳಗಾದದ್ದು. ಭೇದಿಯಾದವರು ಇಳಿಯಬಾರದೆಂಬ ನಿಯಮಕ್ಕೂ ಕಾರಣವಿದೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿಯು ಸರಿಯಾದ ಪ್ರಮಾಣದ ಕ್ಲೋರಿನ್ ಇದ್ದರೂ ದಿನಗಟ್ಟಲೆ ಬದುಕಿರುತ್ತದೆ. ಯಂತ್ರದಿಂದ ಆಗದ ಕೆಲಸವನ್ನು ಅಲ್ಲಿ ಮನುಷ್ಯನ ಸಂಯಮವೇ ಮಾಡಬೇಕು.

ಎತ್ತರದ ಗೆರೆಯ ವಿಷಯ ಇನ್ನೂ ಗಂಭೀರವಾದುದು. ಜಾರುಬಂಡಿಯ ತಿರುವು, ಟ್ಯೂಬಿನ ಅಳತೆ, ಕೊನೆಯ ಕೊಳದ ಆಳ ಇವೆಲ್ಲವನ್ನೂ ನಿರ್ದಿಷ್ಟ ಮೈಕಟ್ಟಿಗೆ ಲೆಕ್ಕಹಾಕಿ ಕಟ್ಟಿರುತ್ತಾರೆ. ಚಿಕ್ಕ ಮಗುವಿನ ದೇಹವು ಆ ಲೆಕ್ಕಕ್ಕೆ ಒಳಪಡುವುದಿಲ್ಲ. ಇಂಥಲ್ಲಿ ಕೆಲವು ತಂದೆತಾಯಿಗಳ ನಡತೆ ವಿಚಿತ್ರವಾಗಿರುತ್ತದೆ. ಮಕ್ಕಳ ಟಿಕೆಟ್ಟನ್ನು ಎತ್ತರದ ಮೇಲೆ ನಿರ್ಧರಿಸುವಲ್ಲಿ ಮಗನಿಗೆ ಮೊಣಕಾಲು ಮಡಿಸಿ ನಿಲ್ಲಲು ಹೇಳುತ್ತಾರೆ. ಒಳಗೆ ಹೋದ ಮೇಲೆ ದೊಡ್ಡ ಜಾರುಬಂಡಿಯ ಬಳಿ ಅದೇ ಮಗನಿಗೆ ಹಿಮ್ಮಡಿ ಎತ್ತಿ ನಿಲ್ಲಲು ಹೇಳುತ್ತಾರೆ. ಒಂದೇ ದಿನದಲ್ಲಿ ಹಣಕ್ಕಾಗಿ ಗಿಡ್ಡನಾಗಿ, ಆಟಕ್ಕಾಗಿ ಉದ್ದನಾಗುವ ಆ ಬಾಲಕನು ಕಲಿತದ್ದು ಜಾರುವುದನ್ನಷ್ಟೇ ಅಲ್ಲ. ಸತ್ಯಾಣುವ್ರತದ ಉಪದೇಶವನ್ನು ಅವನಿಗೆ ಮುಂದೆ ಯಾವ ಮುಖದಿಂದ ಮಾಡುವುದು?

ಒಬ್ಬರು ಕೆಳಗೆ ತಲುಪಿ ಸನ್ನೆಯಾಗುವವರೆಗೂ ಇನ್ನೊಬ್ಬರು ಹೊರಡಬಾರದು. ಅಲೆಗಳ ಕೊಳದಲ್ಲಿ ಸೀಟಿ ಊದಿದೊಡನೆ ನಿಲ್ಲಬೇಕು. ಒದ್ದೆ ನೆಲದ ಮೇಲೆ ಓಡಬಾರದು. ಚಿಕ್ಕ ಮಕ್ಕಳು ದೊಡ್ಡವರ ಕೈಯಳತೆಯಲ್ಲಿಯೇ ಇರಬೇಕು. ಇವುಗಳಲ್ಲಿ ಕೊನೆಯದನ್ನು ಒತ್ತಿ ಹೇಳಬೇಕಾಗಿದೆ. ಮುಳುಗುವ ಮಗುವು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಕೂಗುವುದಕ್ಕೆ ಉಸಿರೇ ಇರುವುದಿಲ್ಲ. ಮೊಳಕಾಲುದ್ದದ ನೀರಿನಲ್ಲಿ, ನೂರು ಜನರ ನಡುವೆ, ಸದ್ದಿಲ್ಲದೆ ಪ್ರಾಣ ಹೋಗಬಲ್ಲದು. ಆ ಕ್ಷಣದಲ್ಲಿ ತಂದೆಯ ಕಣ್ಣು ಮೊಬೈಲಿನ ಮೇಲಿದ್ದರೆ ಅದಕ್ಕೆ ಏನೆಂದು ಹೆಸರು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಮಾತಿಗೆ ಪ್ರಮಾದವೆಂಬ ಶಬ್ದವನ್ನು ಸೇರಿಸಿದ್ದಾರೆ. ದ್ವೇಷವಿಲ್ಲದಿದ್ದರೂ ಎಚ್ಚರವಿಲ್ಲದ ನಡೆಯು ಹಿಂಸೆಯ ಕಡೆಗೇ ಹೊರಟದ್ದು. ಈ ದೃಷ್ಟಿಯಿಂದ ನೋಡಿದರೆ ಆ ಫಲಕದ ಮೇಲಿನ ಸಾಲುಗಳು ಕೇವಲ ವ್ಯಾಪಾರಸ್ಥರ ಕಟ್ಟಳೆಗಳಲ್ಲ. ಪ್ರಮಾದವನ್ನು ಕಡಿಮೆ ಮಾಡುವ ಉಪಾಯಗಳು ಅವು. ವ್ರತಿಯು ಅವುಗಳನ್ನು ಇತರರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಬೇಕು.

ನಿಯಮದಿಂದ ಪ್ರಾಣ ಉಳಿಯುವುದಕ್ಕೆ ನಮ್ಮ ಪುರಾಣದಲ್ಲಿಯೇ ಪ್ರಸಿದ್ಧ ನಿದರ್ಶನವಿದೆ, ಅದೂ ನೀರಿನಲ್ಲಿಯೇ. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ, ನಿರಪರಾಧಿಗಳ ವಧೆ ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಜಿನಸೇನಾಚಾರ್ಯರ ಆದಿಪುರಾಣದಲ್ಲಿಯೂ, 941ರ ಪಂಪನ ಆದಿಪುರಾಣದಲ್ಲಿಯೂ ಈ ಪ್ರಸಂಗ ಬರುತ್ತದೆ. ಭರತನ ಎತ್ತರ ಐದುನೂರು ಧನುಸ್ಸು, ಬಾಹುಬಲಿಯದು ಐದುನೂರಿಪ್ಪತ್ತೈದು. ಅಣ್ಣನು ಎರಚಿದ ನೀರು ತಮ್ಮನ ಎದೆಯವರೆಗೆ ಮಾತ್ರ ಹೋಯಿತು, ಮುಖವನ್ನು ಮುಟ್ಟಲಿಲ್ಲ. ಆ ನೀರಾಟದಲ್ಲಿ ಒಬ್ಬ ಸೈನಿಕನ ರಕ್ತವೂ ಸುರಿಯಲಿಲ್ಲ, ಏಕೆಂದರೆ ಇಬ್ಬರೂ ಕಟ್ಟಳೆಗೆ ಒಪ್ಪಿ ನಿಂತಿದ್ದರು. ಸೋತ ಮೇಲೆ ಭರತನು ಕಟ್ಟಳೆಯನ್ನು ಮೀರಿ ಚಕ್ರವನ್ನು ಬಿಟ್ಟನಲ್ಲ, ವಿಷಾದ ಹುಟ್ಟುವುದು ಅಲ್ಲಿ. ಬಾಹುಬಲಿಯ ಮನಸ್ಸು ರಾಜ್ಯದಿಂದ ವಿಮುಖವಾದುದೂ ಅಲ್ಲಿಯೇ.

ಇಷ್ಟೆಲ್ಲ ಹೇಳಿದ ಮೇಲೆ ಕಿರಿಯರ ಪಕ್ಷವೇ ಗೆದ್ದಿತೆಂದು ತಿಳಿಯಬಾರದು. ಉದ್ಯಾನದ ನಿಯಮವು ಹೇಗೆ ಆಡಬೇಕೆಂಬುದನ್ನು ಹೇಳುತ್ತದೆ. ಎಷ್ಟು ಆಡಬೇಕೆಂಬುದನ್ನು ಅದು ಹೇಳುವುದಿಲ್ಲ, ಹೇಳುವುದೂ ಸಾಧ್ಯವಿಲ್ಲ. ಇನ್ನೊಮ್ಮೆ ಬನ್ನಿರೆಂದು ಕರೆಯುವುದೇ ಅದರ ಜೀವನೋಪಾಯ. ನನ್ನ ಮೈ, ನನ್ನ ಪಕ್ಕದವನ ಮೈ ಇಷ್ಟರ ರಕ್ಷಣೆ ಅದರ ಹೊಣೆ. ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವಗಳು ಅದರ ಲೆಕ್ಕದಲ್ಲಿಲ್ಲ. ಸಮಂತಭದ್ರರು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನು ಸ್ಪಷ್ಟವಾಗಿಯೇ ಸೇರಿಸಿದ್ದಾರೆ. ಅಮೃತಚಂದ್ರಸೂರಿಗಳೂ ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಗೃಹಸ್ಥನಿಗೆ ಅನಿವಾರ್ಯವಾದ ಅಲ್ಪ ಸ್ಥಾವರಹಿಂಸೆಯನ್ನು ಬಿಟ್ಟು ಮಿಕ್ಕದ್ದನ್ನು ತ್ಯಜಿಸಬೇಕೆನ್ನುತ್ತಾರೆ. ನಾವು ಮನೆಯಲ್ಲಿ ನೀರು ಸೋಸಿದಾಗ ಅರಿವೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಯ ನೀರಿಗೆ ಮರಳಿ ಬಿಡುತ್ತೇವೆ. ಕ್ಲೋರಿನ್ ಹಾಗೆ ಮರಳಿ ಬಿಡುವುದಿಲ್ಲ, ಕೊಲ್ಲುತ್ತದೆ. ನಗರದ ನಲ್ಲಿಯ ನೀರಿಗೂ ಕ್ಲೋರಿನ್ ಹಾಕುತ್ತಾರಲ್ಲವೇ ಎಂದು ಕೇಳುವವರುಂಟು. ಹೌದು. ಅಲ್ಲಿ ಬಾಯಾರಿಕೆ ಇದೆ, ಇಲ್ಲಿ ವಿನೋದವಿದೆ. ಪ್ರಯೋಜನ ಬದಲಾದಾಗ ಅದೇ ಕ್ರಿಯೆಯ ತೂಕವೂ ಬದಲಾಗುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇಂಥ ಕೊಳಗಳ ನೀರನ್ನು ದಿನವೂ ಚೆಲ್ಲುವುದಿಲ್ಲ. ಸೋಸಿ ಸೋಸಿ ಮತ್ತೆ ಹರಿಸುತ್ತಾರೆ. ಆದರೂ ಬಿಸಿಲಿಗೆ ಆವಿಯಾಗುವುದು, ಎರಚಾಡಿ ಹೊರಹೋಗುವುದು, ಸೋಸುವ ಯಂತ್ರವನ್ನು ತೊಳೆಯುವಾಗ ಹರಿದುಹೋಗುವುದು ಇದ್ದೇ ಇದೆ. ಸಾವಿರ ಚದರ ಮೀಟರ್ ವಿಸ್ತಾರದ ಕೊಳದಿಂದ ಒಂದೇ ಮಿಲಿಮೀಟರ್ ನೀರು ಆವಿಯಾದರೂ ಅದು ಸಾವಿರ ಲೀಟರ್. 2019ರ ಜಲಜೀವನ ಮಿಷನ್ ಹಳ್ಳಿಯ ಒಬ್ಬನಿಗೆ ದಿನಕ್ಕೆ ಗೊತ್ತುಪಡಿಸಿದ್ದು 55 ಲೀಟರ್. ಅಂದರೆ ಹದಿನೆಂಟು ಜನರ ಒಂದು ದಿನದ ನೀರು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಎತ್ತಿ ನಮ್ಮ ಭಾಗದ ಕೆರೆಗಳಿಗೆ ಹರಿಸುವ ಮೊದಲು, ಬರಗಾಲದಲ್ಲಿ ದ್ರಾಕ್ಷಿಯ ಬಳ್ಳಿ ಉಳಿಸಲು ಟ್ಯಾಂಕರ್ ನೀರನ್ನು ಹಣ ಕೊಟ್ಟು ತರಿಸಿದ ಮನೆಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅಭಿಷೇಕದ ನೀರು ವ್ಯರ್ಥವಲ್ಲವೇ ಎಂದು ಮಕ್ಕಳು ಕೇಳಿದರೆ ಗದರಿಸಬಾರದು. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ಬಸದಿಗೆ ಅವರನ್ನು ಕರೆದೊಯ್ದು ತೋರಿಸಬಹುದು. ಮೇಲೆ ಎರೆದ ಹಾಲು ಹೆಡೆಹೆಡೆಯಲ್ಲಿ ಇಳಿದು ಸ್ವಾಮಿಯನ್ನು ಮುಟ್ಟುವ ಆ ಶಿಲ್ಪದಲ್ಲಿ ಕಲಶದ ಅಳತೆ ಮೊದಲೇ ಗೊತ್ತಿರುತ್ತದೆ. ಅಳತೆಯುಳ್ಳದ್ದು, ಉದ್ದೇಶವುಳ್ಳದ್ದು, ಮುಗಿದ ಮೇಲೆ ಗಂಧೋದಕವಾಗಿ ಆದರದಿಂದ ತಲೆಗೇರುವುದು. ಅದರ ಪಕ್ಕದಲ್ಲಿ ನಮ್ಮ ವಿನೋದವನ್ನು ಇಟ್ಟು ನೋಡಲು ಮಕ್ಕಳಿಗೇ ಬಿಡೋಣ.

ಭೋಗೋಪಭೋಗ ಪರಿಮಾಣವ್ರತದ ಉಪಯೋಗ ಇಲ್ಲಿ. ಹೋಗಲೇಬಾರದೆಂದು ನಾನು ಹೇಳಲಾರೆ. ಅಣುವ್ರತಿಯ ಮನೆಯೆಂದರೆ ಮುನಿಯ ಆಶ್ರಮವಲ್ಲ. ಹೊರಡುವ ಮುನ್ನವೇ ಮನೆಯವರೆಲ್ಲ ಕುಳಿತು ವರ್ಷಕ್ಕೆ ಇಷ್ಟು ಸಲ, ಆ ದಿನ ಇಷ್ಟು ತಾಸು, ಇಷ್ಟು ಖರ್ಚು ಎಂದು ಗೊತ್ತುಮಾಡಿಕೊಳ್ಳಲಿ. ನೀರಿಗೆ ಇಳಿದ ಮೇಲೆ ಹಾಕಿಕೊಳ್ಳುವ ಮಿತಿ ಮಿತಿಯಾಗಿ ಉಳಿಯುವುದಿಲ್ಲ. ಹೊರಗಿನ ಆಹಾರವನ್ನು ಒಳಗೆ ಒಯ್ಯಬಾರದೆಂಬ ನಿಯಮ ವ್ರತಿಗಳಿಗೆ ಕಷ್ಟದ್ದು. ಅದರಲ್ಲಿ ಶುಚಿತ್ವದಷ್ಟೇ ವ್ಯಾಪಾರವೂ ಇದೆಯೆಂಬುದನ್ನು ಬಲ್ಲೆವು. ಆದರೂ ರೊಟ್ಟಿಯ ಗಂಟನ್ನು ಟವೆಲಿನಲ್ಲಿ ಸುತ್ತಿ ಮರೆಮಾಚಿ ಒಯ್ಯುವುದು ಕಂದಮೂಲತ್ಯಾಗವನ್ನು ಉಳಿಸಲು ಸತ್ಯವನ್ನು ಬಿಟ್ಟಂತೆ. ಬಾಗಿಲಲ್ಲಿಯೇ ವ್ರತದ ವಿಷಯ ತಿಳಿಸಿ ಕೇಳಬಹುದು. ಒಪ್ಪದಿದ್ದರೆ ಹೊರಗೆ ಊಟ ಮುಗಿಸಿ ಒಳಗೆ ಹೋಗಬೇಕು. ಸಂಜೆ ಸೂರ್ಯಾಸ್ತಕ್ಕೆ ಮುಂಚೆ ಊಟವಾಗಬೇಕಾದವರು ಐದು ಗಂಟೆಗೇ ಹೊರಬೀಳಬೇಕು. ಕೊನೆಯ ಒಂದು ತಾಸಿನ ಆಟ ತಪ್ಪುತ್ತದೆ, ತಪ್ಪಲಿ.

ಉಳಿದದ್ದು ಪರ್ವದಿನದ ಪ್ರಶ್ನೆ. ಅಷ್ಟಮಿ ಅಥವಾ ಚತುರ್ದಶಿಯ ಉಪವಾಸವನ್ನು ಹಿಡಿದ ಹೆಣ್ಣುಮಗಳೊಬ್ಬಳು, ಟಿಕೆಟ್ಟು ಅದೇ ದಿನಕ್ಕೆ ಬಂದಿದೆ, ನೀರು ಕುಡಿಯದೆ ಆಡಿದರೆ ಸಾಲದೆ ಎಂದು ಕೇಳಬಹುದು. ಪ್ರೋಷಧೋಪವಾಸದ ದಿನ ತ್ಯಜಿಸಬೇಕಾದವುಗಳಲ್ಲಿ ಅಲಂಕಾರ, ಗಂಧ, ಪುಷ್ಪಗಳೊಡನೆ ಸ್ನಾನವನ್ನೂ ಹೇಳಿದೆ. ಶರೀರದ ಕಡೆಯಿಂದ ನೋಡಿದರೂ, ಮೇ ತಿಂಗಳ ಬಿಸಿಲಿನಲ್ಲಿ ನಿರಾಹಾರವಾಗಿ ಎತ್ತರದ ಮೆಟ್ಟಿಲು ಹತ್ತಿ ಜಾರಿದರೆ ತಲೆಸುತ್ತು ಬರುವುದು ಸಹಜ. ಅಸ್ವಸ್ಥರು ಏರಬಾರದೆಂದು ಉದ್ಯಾನದ ಫಲಕವೂ ಹೇಳುತ್ತದೆ. ಎರಡು ನಿಯಮಗಳೂ ಇಲ್ಲಿ ಒಂದೇ ಮಾತನ್ನಾಡುತ್ತವೆ. ನೋಂಪಿಯನ್ನು ಮುಂದೂಡುವುದು ಬೇಡ, ಪ್ರವಾಸವನ್ನು ಪಾರಣೆಯಾದ ಮರುದಿನಕ್ಕೆ ಇಟ್ಟುಕೊಳ್ಳಲಿ. ಟಿಕೆಟ್ಟು ಕೊಳ್ಳುವ ಮೊದಲು ಗೋಡೆಯ ಪಂಚಾಂಗವನ್ನು ಒಮ್ಮೆ ನೋಡುವ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸಬಹುದು.