ಗಿಲ್ಯಾದಿನ ಜಗಲಿಯಲ್ಲಿ ಕೇಳಿದ ಪ್ರಶ್ನೆ

ಮನುಷ್ಯ ಹುಟ್ಟುವ ಮೊದಲೇ ಅವನ ಸದ್ಗತಿ ದುರ್ಗತಿಗಳು ತೀರ್ಮಾನವಾಗಿರುತ್ತವೆಯೆ ಎಂಬುದು ಕ್ರೈಸ್ತ ದೇವಶಾಸ್ತ್ರದ ಅತ್ಯಂತ ಕಠಿಣ ಪ್ರಶ್ನೆಗಳಲ್ಲೊಂದು. ಅಮೆರಿಕದ ಲೇಖಕಿ ಮೆರಿಲಿನ್ ರಾಬಿನ್ಸನ್ ಅದನ್ನು ಗ್ರಂಥಗಳಿಂದ ಇಳಿಸಿ, 1956ರ ಅಯೋವಾ ರಾಜ್ಯದ ಗಿಲ್ಯಾದ್ ಎಂಬ ಕಲ್ಪಿತ ಸಣ್ಣ ಊರಿನ ಜಗಲಿಯ ಮೇಲೆ ಕೂರಿಸಿದರು. 'ಗಿಲ್ಯಾದ್' (2004), 'ಹೋಮ್' (2008), 'ಲೈಲಾ' (2014), 'ಜ್ಯಾಕ್' (2020) ಎಂಬ ನಾಲ್ಕು ಕಾದಂಬರಿಗಳು ಎರಡು ಪಾದ್ರಿ ಮನೆತನಗಳನ್ನು ಕುರಿತವು. ಮೊದಲೆರಡರಲ್ಲಿ ಒಂದೇ ಬೇಸಿಗೆಯ ಘಟನೆಗಳು ಬೇರೆ ಬೇರೆ ಮನೆಯಿಂದ, ಬೇರೆ ಬೇರೆ ಮನಸ್ಸಿನಿಂದ ಕಾಣುತ್ತವೆ. ಮೊದಲನೆಯದಕ್ಕೆ 2005ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಎಲ್ಲವೂ ಮೊದಲೇ ತೀರ್ಮಾನವಾಗಿದೆ ಎನ್ನುವ ಪೂರ್ವನಿಯತಿಯ ಸಿದ್ಧಾಂತದ ಬೇರು ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಐದನೆಯ ಶತಮಾನದಲ್ಲಿ ಅಗಸ್ಟೀನನು ಪೆಲೇಜಿಯಸ್‌ನೊಡನೆ ವಾದಿಸುತ್ತ ಅದಕ್ಕೆ ಆಕಾರ ಕೊಟ್ಟ. ಮನುಷ್ಯ ಸ್ವಪ್ರಯತ್ನದಿಂದ ಒಳ್ಳೆಯವನಾಗಬಲ್ಲನಾದರೆ ಕೃಪೆ ಯಾತಕ್ಕೆ ಎಂಬುದು ಅಗಸ್ಟೀನನ ತರ್ಕ. ಜಿನೀವಾದ ಜಾನ್ ಕ್ಯಾಲ್ವಿನ್ ಇದನ್ನು ಕೊನೆಯವರೆಗೆ ಎಳೆದ: ದೇವರು ಕೆಲವರನ್ನು ರಕ್ಷಣೆಗೆ ಆರಿಸಿದಂತೆ ಉಳಿದವರನ್ನು ನಾಶಕ್ಕೂ ನಿಯಮಿಸಿದ್ದಾನೆ. ಈ ತೀರ್ಪು ಭಯ ಹುಟ್ಟಿಸುವಂಥದೆಂದು ಕ್ಯಾಲ್ವಿನ್‌ನೇ ಒಪ್ಪಿದ್ದಾನೆ. ಅಮೆರಿಕದ ಪ್ರೆಸ್ಬಿಟೇರಿಯನ್ನರಿಗೂ ಅದು ಭಾರವಾಯಿತು. 1903ರಲ್ಲಿ ಉತ್ತರದ ಪ್ರೆಸ್ಬಿಟೇರಿಯನ್ ಚರ್ಚು ತನ್ನ ವಿಶ್ವಾಸ ಪ್ರಮಾಣಕ್ಕೆ ವಿವರಣೆ ಸೇರಿಸಿ, ದೇವರ ತೀರ್ಪನ್ನು ಸಕಲರ ಮೇಲಿನ ಅವನ ಪ್ರೀತಿಗೆ ಹೊಂದಿಸಿಯೇ ಅರ್ಥ ಮಾಡಬೇಕೆಂದು ಹೇಳಿತು. ಹೀಗೆ ಯುದ್ಧಾನಂತರದ ಸಣ್ಣ ಊರಿನ ಪಾದ್ರಿಗೆ ಈ ಸಿದ್ಧಾಂತ, ಅಟ್ಟದ ಮೇಲಿಟ್ಟ ಅಜ್ಜನ ಕಾಲದ ಆಯುಧವಾಗಿತ್ತು. ಎಸೆಯುವಂತಿಲ್ಲ, ಬಳಸುವಂತೆಯೂ ಇಲ್ಲ.

ಕಥೆಯಲ್ಲಿ ಅಂಥ ಅಜ್ಜನೂ ಇದ್ದಾನೆ. ಸರಪಳಿ ತೊಟ್ಟ ಕ್ರಿಸ್ತನ ದರ್ಶನ ಪಡೆದು ಗುಲಾಮಗಿರಿಯ ವಿರುದ್ಧ ಕಾದಾಡಲು ಪಶ್ಚಿಮಕ್ಕೆ ಬಂದವನು, ಅಂತರ್ಯುದ್ಧದಲ್ಲಿ ಕಣ್ಣು ಕಳೆದುಕೊಂಡವನು. ಅವನ ಮಗ ಯುದ್ಧವನ್ನೇ ನಿರಾಕರಿಸಿದ ಪಾದ್ರಿ. ಮೊಮ್ಮಗ ಜಾನ್ ಏಮ್ಸ್‌ನೂ ಪಾದ್ರಿ. ಎಪ್ಪತ್ತಾರರ ವಯಸ್ಸಿನಲ್ಲಿ ಹೃದ್ರೋಗಿ. ತಡವಾಗಿ ಹುಟ್ಟಿದ, ಏಳು ತುಂಬದ ಮಗನು ದೊಡ್ಡವನಾದ ಮೇಲೆ ಓದಲೆಂದು ಅವನು ಬರೆಯುವ ದೀರ್ಘ ಪತ್ರವೇ 'ಗಿಲ್ಯಾದ್'. ಅವನ ಬಾಲ್ಯಮಿತ್ರ, ಪ್ರೆಸ್ಬಿಟೇರಿಯನ್ ಪಾದ್ರಿ ಬೌಟನ್‌ಗೆ ಮಕ್ಕಳು ಬಹಳ. ಅವರಲ್ಲಿ ಒಬ್ಬನಿಗೆ ಗೆಳೆಯನದೇ ಹೆಸರಿಟ್ಟ. ಜ್ಯಾಕ್ ಎಂದೇ ಎಲ್ಲರೂ ಕರೆಯುವ ಆ ಮಗ ಕಾಲೇಜಿನ ದಿನಗಳಲ್ಲಿ ಒಬ್ಬ ಬಡ ಹುಡುಗಿಗೆ ಮಗು ಕೊಟ್ಟು ಕೈಬಿಟ್ಟ. ಮಗು ಎಳೆಯ ವಯಸ್ಸಿನಲ್ಲೇ ಸತ್ತಿತು. ಇಪ್ಪತ್ತು ವರ್ಷದ ನಂತರ ಅವನು ಊರಿಗೆ ಮರಳುತ್ತಾನೆ.

ಜಗಲಿಯ ಮೇಲೆ ಇಬ್ಬರು ಮುದುಕರ ಮುಂದೆ ಅವನು ಪೂರ್ವನಿಯತಿಯ ಮಾತೆತ್ತುತ್ತಾನೆ. ಕೆಲವರು ಕೆಡಲೆಂದೇ ಹುಟ್ಟುತ್ತಾರೆಯೆ? ಕೆಣಕಲೆಂದು ಕೇಳುತ್ತಿದ್ದಾನೆ ಎಂಬ ಶಂಕೆಯಿಂದ ಏಮ್ಸ್ ನುಣುಚಿಕೊಳ್ಳುತ್ತಾನೆ. ದೇವರ ಸರ್ವಜ್ಞತೆ, ನ್ಯಾಯ, ಕೃಪೆ ಒಟ್ಟಿಗೆ ಹೇಗಿರುತ್ತವೆಂಬುದು ಮನುಷ್ಯನ ಬುದ್ಧಿಗೆ ಮೀರಿದ್ದು ಎಂಬಂಥ ಉತ್ತರ ಕೊಡುತ್ತಾನೆ. ಅದು ಶಾಸ್ತ್ರದ ದೃಷ್ಟಿಯಿಂದ ತಪ್ಪಲ್ಲ. ಆದರೆ ಕೇಳಿದವನು ಶಾಸ್ತ್ರವನ್ನು ಕೇಳಿರಲಿಲ್ಲ, ತನ್ನ ಗತಿಯನ್ನು ಕೇಳಿದ್ದ. ಅದನ್ನು ಕಂಡುಕೊಂಡವಳು ಏಮ್ಸ್‌ನ ಕಿರಿವಯಸ್ಸಿನ ಹೆಂಡತಿ ಲೈಲಾ. ಮನುಷ್ಯ ಬದಲಾಗಬಲ್ಲ ಎಂಬ ಭರವಸೆಯನ್ನು ಅವಳು ಎರಡೇ ಮಾತಿನಲ್ಲಿ ಕೊಡುತ್ತಾಳೆ.

ಕನ್ನಡ ಓದುಗರಿಗೆ ಇಲ್ಲಿ ಹದಿಮೂರನೆಯ ಶತಮಾನದ ಮಧ್ವಾಚಾರ್ಯರ ಜೀವತ್ರೈವಿಧ್ಯ ನೆನಪಾಗದಿರದು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಎರಡನ್ನೂ ಒಂದೇ ಎನ್ನುವುದು ಅವಸರದ ಮಾತು. ಕ್ಯಾಲ್ವಿನ್‌ನಲ್ಲಿ ತೀರ್ಪು ದೇವರ ಸ್ವತಂತ್ರ ಸಂಕಲ್ಪ. ಮಧ್ವರಲ್ಲಿ ಯೋಗ್ಯತೆ ಜೀವದ ಅನಾದಿಯಾದ ಸ್ವಭಾವ, ದೇವರು ಅದನ್ನು ಹೊರತರುತ್ತಾನೆ. ವಿಚಿತ್ರವೆಂದರೆ ಜ್ಯಾಕ್‌ನ ಸಂಕಟ ಎರಡನೆಯದಕ್ಕೇ ಹತ್ತಿರ. ಚಿಕ್ಕಂದಿನಿಂದ ತಾನು ಮಾಡಿದ ಕೇಡಿಗೆ ತನಗೇ ಕಾರಣ ತಿಳಿಯದವನು ಅವನು. ದೇವರನ್ನು ನಂಬದವನಿಗೂ ತನ್ನ ಸ್ವಭಾವದ ಭಯ ತಪ್ಪಿಲ್ಲ.

ಲೈಲಾಳ ಭರವಸೆಯ ಹಿಂದೆ ಅವಳದೇ ಕಾದಾಟವಿದೆ. ಅನಾಥೆಯಂತಿದ್ದ ಅವಳನ್ನು ಎತ್ತಿಕೊಂಡು ಹೋಗಿ ಸಾಕಿದ ಡಾಲ್ ಎಂಬ ಅಲೆಮಾರಿ ಹೆಂಗಸು ದೇವರ ಹೆಸರನ್ನೇ ಕಾಣದವಳು, ಕೊಲೆಯ ಕಳಂಕ ಹೊತ್ತವಳು. ಅಂಥವರಿಗೆ ಸ್ವರ್ಗವಿಲ್ಲವಾದರೆ ತನಗೂ ಬೇಡವೆಂದು ಲೈಲಾ ನದಿಗೆ ಹೋಗಿ ತನ್ನ ದೀಕ್ಷಾಸ್ನಾನವನ್ನು ತೊಳೆದುಕೊಳ್ಳುತ್ತಾಳೆ. ಪ್ರೀತಿಸಿದವರಿಲ್ಲದ ಮೋಕ್ಷ ಮೋಕ್ಷವಾದೀತೆ? ಈ ಪ್ರಶ್ನೆ ಪಂಡಿತರ ಎಷ್ಟೋ ಪುಟಗಳಿಗಿಂತ ಆಳಕ್ಕೆ ಇಳಿಯುತ್ತದೆ.

ಜ್ಯಾಕ್‌ನ ವಿಧಿಯಲ್ಲಿ ಮನುಷ್ಯರು ಬರೆದದ್ದೂ ಸೇರಿದೆ. ಅವನು ಹೆಂಡತಿಯೆಂದು ಭಾವಿಸಿದ ಡೆಲ್ಲಾ ಕಪ್ಪು ಜನಾಂಗದ ಶಿಕ್ಷಕಿ. ಅವರಿಗೆ ಒಬ್ಬ ಮಗ. ಅವರಿದ್ದ ಮಿಸೌರಿಯಲ್ಲಿ ಬಿಳಿಯರ ಮತ್ತು ಕಪ್ಪು ಜನರ ನಡುವಣ ಮದುವೆ ಆಗ ಅಪರಾಧವಾಗಿತ್ತು. ಆ ಬಗೆಯ ಕಾನೂನುಗಳನ್ನು ಸುಪ್ರೀಂ ಕೋರ್ಟು ರದ್ದುಮಾಡಿದ್ದು 1967ರಲ್ಲಿ. ಅಯೋವಾದಲ್ಲಿ ಆ ನಿಷೇಧ 1851ರಲ್ಲೇ ಹೋಗಿತ್ತು. ಹಾಗಾಗಿ ಸಂಸಾರದೊಡನೆ ಹುಟ್ಟೂರಲ್ಲಿ ಬದುಕಬಹುದೇ ಎಂದು ನೋಡಲು ಅವನು ಬಂದಿದ್ದ. ಆದರೆ ಗುಲಾಮರಿಗೆ ಆಶ್ರಯ ಕೊಟ್ಟ ಊರು ತನ್ನ ಇತಿಹಾಸವನ್ನೇ ಮರೆತಿದೆ. ಕಪ್ಪು ಜನರ ಚರ್ಚಿಗೆ ಹಿಂದೊಮ್ಮೆ ಬೆಂಕಿ ಬಿದ್ದು, ಅವರೆಲ್ಲ ಊರು ಬಿಟ್ಟಿದ್ದಾರೆ. ಏಮ್ಸ್ ಅದನ್ನು ಸಣ್ಣ ಬೆಂಕಿಯೆಂದೇ ನೆನೆಯುತ್ತಾನೆ. ಸಜ್ಜನನ ಈ ಮರೆವು ಕಾದಂಬರಿಯ ಅತಿ ನೋವಿನ ಜಾಗ. 'ಹೋಮ್'ನಲ್ಲಿ ಮಾಂಟ್ಗಮರಿಯಲ್ಲಿ ಕಪ್ಪು ಜನರ ಹಕ್ಕಿನ ಹೋರಾಟದ ಗಲಭೆ ಟೆಲಿವಿಷನ್‌ನಲ್ಲಿ ಕಂಡಾಗ ತಂದೆ ಮಗನ ನಡುವಣ ಬಿರುಕು ಬಾಯ್ದೆರೆಯುತ್ತದೆ. ಜೀವಮಾನವಿಡೀ ಕ್ಷಮೆಯನ್ನೇ ಬೋಧಿಸಿದ ಬೌಟನ್‌ಗೆ ಕೊನೆಗೆ ಕ್ಷಮಿಸುವ ಶಕ್ತಿ ಉಳಿಯುವುದಿಲ್ಲ.

ಕ್ಷಮೆಯ ಕೆಲಸ ಗೆಳೆಯನ ಪಾಲಿಗೆ ಬರುತ್ತದೆ. ಊರು ಬಿಟ್ಟು ಹೊರಟ ಜ್ಯಾಕ್‌ನ ಹಣೆಯ ಮೇಲೆ, ಬಸ್ಸಿಗೆ ಕಾಯುವ ಜಾಗದಲ್ಲಿ, ಏಮ್ಸ್ ಕೈಯಿಟ್ಟು ಬೈಬಲಿನ ಅರಣ್ಯಕಾಂಡದ ಆಶೀರ್ವಚನವನ್ನು ಹೇಳುತ್ತಾನೆ. ಜಗಲಿಯಲ್ಲಿ ತಪ್ಪಿಸಿಕೊಂಡ ಪ್ರಶ್ನೆಗೆ ಅವನು ಅಲ್ಲೂ ಸಿದ್ಧಾಂತದ ಉತ್ತರ ಕೊಡುವುದಿಲ್ಲ. ಜ್ಯಾಕ್ ಬಸ್ಸು ಹತ್ತುತ್ತಾನೆ. ಡೆಲ್ಲಾ ಮಗನೊಡನೆ ಬೌಟನ್ ಮನೆಯ ಮುಂದೆ ಕಾರು ನಿಲ್ಲಿಸುವುದು ಆಮೇಲೆ, 'ಹೋಮ್'ನ ಕೊನೆಯ ಪುಟಗಳಲ್ಲಿ. ಆ ಹೊತ್ತಿಗೆ ಅವನು ಎಲ್ಲಿದ್ದಾನೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.